ರಕ್ತ ತೆಳುವಾಗುವ ತನಕ

ನನಗೆ ನೋವು ಮೊದಲು ಬಂದದ್ದು ಎದೆಯಲ್ಲಲ್ಲ, ದವಡೆಯಲ್ಲಿ. ಅದಕ್ಕೇ ಎಲ್ಲರೂ ಮೋಸಹೋದೆವು.

ಆಗ ನಾವು ಓಕಳಿಪುರದಲ್ಲಿದ್ದೆವು. ಬಸ್ಸಿಗೆ ಹೋಗಬೇಕಾದರೆ ರೈಲು ಹಳಿಗಳ ಮೇಲಿನ ಕಾಲುಸೇತುವೆ ಹತ್ತಿ ಇಳಿಯಬೇಕು. ಮದುವೆಯಾಗಿ ಬಂದಾಗಿನಿಂದ ಹತ್ತಿ ಇಳಿದ ಮೆಟ್ಟಿಲುಗಳೇ. ಆ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ, ಅರ್ಧ ಹತ್ತುವಷ್ಟರಲ್ಲಿ ಎಡದವಡೆಯನ್ನು ಯಾರೋ ಹೆಬ್ಬೆರಳಿಟ್ಟು ಒತ್ತಿದ ಹಾಗಾಗುತ್ತಿತ್ತು. ನಿಂತರೆ ಹೋಗುತ್ತಿತ್ತು. ಕಂಬಿ ಹಿಡಿದು ನಿಂತು, ಕೆಳಗೆ ಗೂಡ್ಸ್ ಗಾಡಿ ಹೋಗುವುದನ್ನು ನೋಡುವವಳ ಹಾಗೆ ನಟಿಸಿ, ಮತ್ತೆ ಹತ್ತುತ್ತಿದ್ದೆ.

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಬಸವನಗುಡಿಯಲ್ಲಿ ಡ್ಯೂಟಿ. ಊರೂರಿನ ಟ್ರಂಕ್ ಕಾಲ್ ಜೋಡಿಸುವುದು ನನ್ನ ಕೆಲಸ. ನನ್ನ ಯಜಮಾನರು ನಾಗರಾಜು ರೈಲ್ವೆಯಲ್ಲಿ ಗುಮಾಸ್ತರು, ಮಾತು ಕಡಿಮೆ. ಮಗಳು ಮಂಜುಳ ಆಗ ಕಾಲೇಜಿನಲ್ಲಿದ್ದಳು. ನನಗೆ ನಲವತ್ತೈದು ದಾಟಿತ್ತು. ಆ ವಯಸ್ಸಿನ ಹೆಂಗಸಿಗೆ ದವಡೆ ನೋವು ಅಂದರೆ ಹಲ್ಲು ನೋವೇ, ಇನ್ನೇನು? ಮಲ್ಲೇಶ್ವರದ ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಅವರು ಬಾಯಿಗೆ ಕನ್ನಡಿ ಹಾಕಿ ನೋಡಿ, "ಹಿಂದಿನ ದವಡೆಹಲ್ಲು ಪೂರ್ತಿ ಹುಳುಕಮ್ಮ. ಇಟ್ಕೊಂಡು ಏನ್ಮಾಡ್ತೀರ?" ಅಂದರು. ಹಲ್ಲು ಹುಳುಕಾಗಿದ್ದದ್ದು ಸುಳ್ಳಲ್ಲ. ಕಿತ್ತು ಕೈಗೆ ಕೊಟ್ಟರು.

ಕಿತ್ತ ಮೇಲೂ ಸೇತುವೆ ಹತ್ತುವಾಗ ನೋವು ಬಂತು. ಗಾಯ ಮಾಯುವ ತನಕ ಇರುತ್ತದೆ ಅಂದುಕೊಂಡೆ.

ವಾರ ತುಂಬುವ ಮೊದಲೇ ಒಂದು ಮಧ್ಯಾಹ್ನ, ಹೆಡ್‌ಫೋನ್ ಹಾಕಿಕೊಂಡು ದಾವಣಗೆರೆಯ ಲೈನಿಗೆ ಕಾಯುತ್ತಿದ್ದಾಗ, ದವಡೆಯ ನೋವು ಕತ್ತಿಗಿಳಿಯಿತು, ಕತ್ತಿನಿಂದ ತೋಳಿಗೆ. ಕೂತಲ್ಲೇ ಬಂತು. ಮೆಟ್ಟಿಲಿಲ್ಲ, ಚೀಲವಿಲ್ಲ, ಸುಮ್ಮನೆ ಕೂತಿದ್ದೆ. ರವಿಕೆ ಬೆವರಿನಲ್ಲಿ ತೊಯ್ದುಹೋಯಿತು. ಆ ಕಡೆಯಿಂದ ದಾವಣಗೆರೆ ಆಪರೇಟರ್ "ಹಲೋ ಬೆಂಗಳೂರು, ಹಲೋ" ಅನ್ನುತ್ತಿದ್ದಾಳೆ, ನನಗೆ ಬಾಯಿ ತೆರೆಯಲು ಆಗುತ್ತಿಲ್ಲ. ಪಕ್ಕದವಳು ನೋಡಿ ಕೂಗಿದ್ದರಿಂದ ಆಟೋ ಬಂತು, ಆಸ್ಪತ್ರೆ ಸಿಕ್ಕಿತು.

ಆಸ್ಪತ್ರೆಯಲ್ಲಿ ಎದೆಗೆ ತಣ್ಣನೆಯ ಲೋಹದ ಬಟ್ಟಲುಗಳನ್ನು ಅಂಟಿಸಿ ಇ.ಸಿ.ಜಿ. ಕಾಗದ ಎಳೆದರು. ಕಾಗದ ನೋಡಿದ ಹುಡುಗಿ, ಪ್ರಭಾ ಅಂತ ಚಿಕ್ಕ ಡಾಕ್ಟರು, ಅದನ್ನು ಹಿಡಿದುಕೊಂಡು ಓಡಿದಳು. ಆ ಓಟ ನೋಡಿಯೇ ನನಗೆ ಗೊತ್ತಾಯಿತು. ಅಷ್ಟರಲ್ಲಿ ಯಜಮಾನರು ಬಂದರು. ಅವರನ್ನು ನಿಲ್ಲಿಸಿಕೊಂಡು ಯಾರೋ ಗಡಿಬಿಡಿಯಲ್ಲಿ ಕೇಳುತ್ತಿದ್ದರು. "ಸಕ್ಕರೆ ಕಾಯಿಲೆ ಇದ್ಯಾ? ಹೊಟ್ಟೇಲಿ ಹುಣ್ಣು? ಇತ್ತೀಚೆಗೆ ಆಪರೇಷನ್ ಏನಾದ್ರೂ ಆಗಿದ್ಯಾ?"

"ಇಲ್ಲ ಸಾರ್, ಏನೂ ಆಗಿಲ್ಲ" ಅಂದರು ಅವರು.

ಹಲ್ಲು ಕೀಳಿಸಿದ್ದನ್ನು ಯಾರು ತಾನೇ ಆಪರೇಷನ್ ಅನ್ನುತ್ತಾರೆ?

*

ಎರಡು ದಿನ ಬಿಟ್ಟು ತೊಡೆಸಂದಿಯಿಂದ ಒಂದು ನಳಿಗೆ ತೂರಿಸಿ, ಬಣ್ಣ ಬಿಟ್ಟು, ಹೃದಯದ ಚಿತ್ರ ತೆಗೆದರು. ದೊಡ್ಡ ಡಾಕ್ಟರು ಸಂಜೆ ಬಂದು ನಮ್ಮಿಬ್ಬರ ಮುಂದೆ ಸ್ಟೂಲ್ ಎಳೆದುಕೊಂಡು ಕೂತರು. ಅಷ್ಟು ದೊಡ್ಡವರು ಕೂತು ಮಾತಾಡಿದ್ದು ನನಗೆ ಒಳ್ಳೆಯ ಸೂಚನೆಯಾಗಿ ಕಾಣಲಿಲ್ಲ.

"ಮುಖ್ಯವಾದ ರಕ್ತನಾಳ ಒಂದು ಕಡೆ ತುಂಬಾ ಕಿರಿದಾಗಿದೆ ರತ್ನಮ್ಮ" ಅಂದರು. "ಕಿರಿದಾದ ಜಾಗದಲ್ಲೇ ರಕ್ತ ಹೆಪ್ಪುಗಟ್ಟಿ ಕೂತಿದೆ. ಒಂದು ಸಣ್ಣ ಬಲೂನ್ ಒಳಗೆ ಬಿಟ್ಟು ಊದಿ ದಾರಿ ಅಗಲ ಮಾಡಬಹುದು. ಈ ಊರಿಗೆ ಅದಿನ್ನೂ ಹೊಸದು, ಸುಳ್ಳು ಹೇಳಲ್ಲ. ಆದರೆ ಈಗಲೇ ಬಲೂನ್ ಬಿಟ್ರೆ ಆ ಹೆಪ್ಪು ಒಡೆದು ಮುಂದೆ ಹೋಗಿ ಎಲ್ಲಾದ್ರೂ ಸಿಕ್ಕಿಕೊಳ್ಳುತ್ತೆ. ಮೊದಲು ರಕ್ತ ತೆಳು ಮಾಡೋ ಔಷಧಿ ಕೊಡ್ತೀವಿ. ಕೆಲವು ದಿನ ಕಾಯಬೇಕು."

"ತೆಳು ಅಂದ್ರೆ?" ಯಜಮಾನರು ಕೇಳಿದರು.

"ಸುಲಭವಾಗಿ ಹೆಪ್ಪುಗಟ್ಟದ ಹಾಗೆ ಮಾಡೋದು."

"ಹಾಗಾದ್ರೆ ಎಲ್ಲಾದ್ರೂ ಗಾಯ ಆದ್ರೆ?"

ದೊಡ್ಡ ಡಾಕ್ಟರು ಸ್ಟೂಲಿನಿಂದ ಎದ್ದರು. "ಗಾಯ ಆಗದ ಹಾಗೆ ನೋಡ್ಕೋಬೇಕು" ಅಂದರು.

ಹೆಪಾರಿನ್ ಅಂತ ಔಷಧಿಯ ಹೆಸರು. ಬಾಟಲಿಯಲ್ಲಿ ನೀರಿನ ಹಾಗೆಯೇ ಇತ್ತು. ಹನಿಹನಿಯಾಗಿ ತೋಳಿಗೆ ಇಳಿಯುತ್ತಿತ್ತು. ನೋವಿಲ್ಲ, ಉರಿಯಿಲ್ಲ. ಒಳಗೆ ಏನೋ ಬದಲಾಗುತ್ತಿದೆ ಅನ್ನುವುದಕ್ಕೆ ಮೈಯಲ್ಲಿ ಯಾವ ಗುರುತೂ ಇರಲಿಲ್ಲ. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು. ಬಾಚಣಿಗೆ ಮೆಲ್ಲಗೆ ಆಡಿಸಿ ಅಂದರು. ಹಲ್ಲುಜ್ಜುವ ಬ್ರಷ್ ಬೇಡ, ಬಾಯಿ ಮುಕ್ಕಳಿಸಿ ಸಾಕು ಅಂದರು. ನನ್ನ ಗಾಜಿನ ಬಳೆಗಳನ್ನು ನರ್ಸಮ್ಮ ಸೋಪು ಹಚ್ಚಿ ತೆಗೆದು ಮಂಜುಳನ ಕೈಗೆ ಕೊಟ್ಟರು. ಮಗಳು ಅವನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು, ಮುಖ ಆ ಕಡೆ ತಿರುಗಿಸಿಕೊಂಡಳು. ಬಳೆ ತೆಗೆದ ತಾಯಿಯ ಕೈ ಅವಳಿಗೆ ಬೇರೆ ಏನನ್ನೋ ನೆನಪಿಸಿರಬೇಕು.

ದಿನಕ್ಕೆ ಹಲವು ಸಲ ಪ್ರಭಾ ಬಂದು ನನ್ನ ರಕ್ತ ಎಳೆದು ಒಂದು ಸಣ್ಣ ಗಾಜಿನ ಕೊಳವೆಗೆ ಹಾಕುತ್ತಿದ್ದಳು. ಅದನ್ನು ಅಂಗೈ ಬಿಸಿಯಲ್ಲಿ ಹಿಡಿದುಕೊಂಡು, ಗೋಡೆ ಗಡಿಯಾರ ನೋಡುತ್ತ, ಆಗಾಗ ಓರೆ ಮಾಡಿ ನೋಡುತ್ತಿದ್ದಳು. ರಕ್ತ ಅತ್ತಿತ್ತ ಹರಿಯುತ್ತಿತ್ತು. ಹರಿಯುತ್ತಲೇ ಇರುತ್ತಿತ್ತು. ಮನೆಯಲ್ಲಿ ಬೆಳಿಗ್ಗೆ ಎದ್ದು ಮೊಸರಿನ ಪಾತ್ರೆಯನ್ನು ಓರೆ ಮಾಡಿ, ಹೆಪ್ಪಾಗಿದೆಯೋ ಇಲ್ಲವೋ ನೋಡುತ್ತೇವಲ್ಲ, ಥೇಟ್ ಹಾಗೆ. ನಾನು ಮಲಗಿದ್ದಲ್ಲಿಂದಲೇ ಆ ಕೊಳವೆ ನೋಡುತ್ತಿದ್ದೆ. ಮೊಸರಾಗಲಿ ಅಂತ ಹಾರೈಸಬೇಕೋ, ಬೇಡವೋ ತಿಳಿಯುತ್ತಿರಲಿಲ್ಲ. ಬೇಗ ಗಟ್ಟಿಯಾದರೆ ಹೃದಯಕ್ಕೆ ಕೆಟ್ಟದ್ದು. ಗಟ್ಟಿಯೇ ಆಗದಿದ್ದರೆ ಇನ್ನೆಲ್ಲದಕ್ಕೂ ಕೆಟ್ಟದ್ದು.

"ಆಯ್ತಾ?" ಅಂತ ಕೇಳಿದರೆ ಪ್ರಭಾ, "ಇನ್ನೂ ಇಲ್ಲ. ಅದೇ ಬೇಕಾಗಿರೋದು" ಅನ್ನುತ್ತಿದ್ದಳು.

*

ಪಕ್ಕದ ಮಂಚದಲ್ಲಿ ಚಾಮರಾಜಪೇಟೆಯ ಲಕ್ಷ್ಮೀದೇವಮ್ಮ ಇದ್ದರು. ಅರವತ್ತು ದಾಟಿದವರು, ಹೊಸಕೋಟೆ ಕಡೆಯ ಒಕ್ಕಲು ಮನೆತನ, ಮಕ್ಕಳದು ಪಾತ್ರೆ ವ್ಯಾಪಾರ. ಅವರಿಗೂ ಅದೇ ಔಷಧಿ, ಅದೇ ಬಾಟಲಿ. ನನಗಿಂತ ಮೊದಲೇ ಶುರುವಾಗಿತ್ತು. ಅವರ ಮೊಣಕೈಯಿಂದ ಕೆಳಗೆ ನೇರಳೆಹಣ್ಣು ಜಜ್ಜಿದ ಹಾಗೆ ಕಲೆಗಳಿದ್ದವು. "ಸುಮ್ನೆ ಮಂಚದ ಕಂಬಿಗೆ ತಾಗಿದ್ದು ಕಣವ್ವ" ಅಂತ ತೋರಿಸಿದರು.

ಮೊದಲ ದಿನವೇ ಕೇಳಿದರು, "ನೀವು ಯಾವ ಪೈಕಿ?"

"ನಾವು ಬೌದ್ಧರು" ಅಂದೆ. ನಮ್ಮಪ್ಪ ಕೊನೆಗಾಲದಲ್ಲಿ ಬೌದ್ಧರಾದರು, ನಾವೂ ಆದೆವು. ಹಾಗೆಂದರೆ ಮೊದಲು ಏನಾಗಿದ್ದೆವು ಅನ್ನುವುದು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಲಕ್ಷ್ಮೀದೇವಮ್ಮ ಸ್ವಲ್ಪ ಹೊತ್ತು ಸೂರು ನೋಡಿದರು. ಫ್ಲಾಸ್ಕು ನಮ್ಮಿಬ್ಬರ ನಡುವಿನ ಮೇಜಿನ ಮೇಲಿತ್ತು. ಅದನ್ನು ತಮ್ಮ ಕಡೆ ಎಳೆದುಕೊಳ್ಳುತ್ತಾರೆ ಅಂದುಕೊಂಡೆ.

"ಹಂಗಂದ್ರೆ ಮಾಂಸ ತಿನ್ನಲ್ವಾ?" ಅಂದರು.

"ತಿಂತೀವಿ."

"ಸದ್ಯ" ಅಂತ ನಿಟ್ಟುಸಿರು ಬಿಟ್ಟು, ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿ ನನ್ನ ಕಡೆ ಚಾಚಿದರು. ಮನೆಯಿಂದ ಬಂದ ಕಾಫಿ, ಬೆಲ್ಲದ್ದು. ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ಒಂದು ಮುಚ್ಚಳ ನನಗೆ ಅಂತ ಆಯಿತು. ಆಸ್ಪತ್ರೆಯಲ್ಲಿ ಇಂಥ ಸಣ್ಣ ವಿಷಯಗಳಿಗೇ ಬೆಳಗಾಗುವುದನ್ನು ಕಾಯುತ್ತೇವೆ.

ನಮ್ಮಕ್ಕ ಸುಶೀಲ ಬಂದದ್ದು ಮೂರನೆಯ ದಿನವೋ ನಾಲ್ಕನೆಯ ದಿನವೋ. ಅಕ್ಕನಿಗೆ ಮಾರ್ಕೆಟ್ಟಿನಲ್ಲಿ ಹೂವಿನ ವ್ಯಾಪಾರ. ದನಿ ಜೋರು, ಕುಕ್ಕೆ ಹೊತ್ತು ಹೊತ್ತು ಕತ್ತು ಗಟ್ಟಿ. ಒಂದು ಕೈಯಲ್ಲಿ ಟಿಫನ್ ಕ್ಯಾರಿಯರ್, ಇನ್ನೊಂದರಲ್ಲಿ ಬೀಟ್‌ರೂಟ್ ಚೀಲ. ಬಂದವಳೇ ಬಾಟಲಿಯನ್ನೂ ನನ್ನನ್ನೂ ನೋಡಿದಳು.

"ಏನಿದು ನಾಗರಾಜಪ್ಪ, ರಕ್ತ ನೀರು ಮಾಡ್ತಿದಾರಂತೆ?"

"ನೀರಲ್ಲ ಅಕ್ಕ, ತೆಳು" ಅಂದರು ಯಜಮಾನರು.

"ಎರಡೂ ಒಂದೇ. ಕಾಲು ಸೂಪು ತಂದಿದೀನಿ, ಕುಡಿಸಿ. ಇವರು ಇಳಿಸಿದ್ದನ್ನ ನಾನು ಏರಿಸ್ತೀನಿ."

ನನಗೆ ನಗು ಬಂತು. ಅವಳಿಗೆ ಬರಲಿಲ್ಲ. ಮಂಚದ ಅಂಚಿಗೆ ಕೂತು, ಲಕ್ಷ್ಮೀದೇವಮ್ಮನಿಗೆ ಕೇಳಿಸದ ಹಾಗೆ ಬಗ್ಗಿ ಹೇಳಿದಳು. "ರತ್ನ, ನೀನು ಹುಟ್ಟಿದಾಗ ಅಮ್ಮನಿಗೆ ರಕ್ತ ನಿಲ್ಲಲಿಲ್ಲ. ನಾನು ಹತ್ತು ವರ್ಷದವಳು. ಕೋಣೆ ಬಾಗಿಲಲ್ಲಿ ನಿಂತಿದ್ದೆ. ಸೂಲಗಿತ್ತಿ ಬಟ್ಟೆ ಮೇಲೆ ಬಟ್ಟೆ ಹಾಕ್ತಿದ್ಲು, ನಾನು ತೊಳೆದು ತಂದು ಕೊಡ್ತಿದ್ದೆ. ತೊಳೆದ ಬಟ್ಟೆ ಒಣಗೋ ಮೊದ್ಲೇ ಅಮ್ಮ ಹೋದ್ಲು. ರಕ್ತ ನಿಲ್ಲದೇ ಇರೋದು ಅಂದ್ರೆ ಏನೂಂತ ಈ ಡಾಕ್ಟರಿಗಿಂತ ನನಗೆ ಗೊತ್ತು. ಬಾ, ಮನೆಗೆ ಹೋಗೋಣ. ಅಣ್ಣಮ್ಮ ದೇವರಿಗೆ ಹರಕೆ ಹೊತ್ತಿದೀನಿ."

ಅಮ್ಮ ನನ್ನನ್ನು ಹೆತ್ತಾಗಲೇ ತೀರಿಕೊಂಡಳು ಅಂತ ಗೊತ್ತಿತ್ತು. ಬಟ್ಟೆಗಳ ವಿಷಯ ಗೊತ್ತಿರಲಿಲ್ಲ. ಅಕ್ಕ ಆವತ್ತಿನ ತನಕ ಯಾರಿಗೂ ಹೇಳಿರಲಿಲ್ಲ.

"ಮನೆಗೆ ಬಂದ್ರೆ ಹೃದಯ ನಿಲ್ಲುತ್ತೆ ಅಕ್ಕ" ಅಂದೆ.

ಅವಳು ಸೂಪಿನ ಡಬ್ಬಿ ಮುಚ್ಚಳವನ್ನು ತೆಗೆಯುವುದು, ಹಾಕುವುದು, ತೆಗೆಯುವುದು ಮಾಡುತ್ತಿದ್ದಳು.

*

ಮಾರನೆಯ ಬೆಳಿಗ್ಗೆ ಲಕ್ಷ್ಮೀದೇವಮ್ಮ ಎದ್ದು ಕೂತು, ಮೇಜಿನ ಕಡೆ ಕೈ ತೋರಿಸಿ, "ಆ ಬಾಗಿಲು ಸ್ವಲ್ಪ ಬಗ್ಗಿಸಿ ಕೊಡವ್ವ" ಅಂದರು.

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. "ಬಾಗಿಲು ಬಗ್ಗಿಸೋದು ಹೇಗೆ?" ಅಂದೆ ನಗುತ್ತ.

"ಬಾಗಿಲು ಬಿಸಿ ಇದ್ಯಾ?" ಅಂದರು. ಅವರ ಕಣ್ಣಲ್ಲಿ ತಮಾಷೆ ಇರಲಿಲ್ಲ. ತಾವು ಕಾಫಿ ಅಂದಿದ್ದೇವೆ ಅಂತಲೇ ಅವರ ಲೆಕ್ಕ. ನಾನು ಕೊಡಲಿಲ್ಲವಲ್ಲ ಅಂತ ಮುಖದಲ್ಲಿ ಬೇಸರವೂ ಬಂತು. ಆಮೇಲೆ ಆ ಮುಖದ ಬಲಗಡೆ ಮಾತ್ರ ಮೆಲ್ಲಗೆ ಕೆಳಗೆ ಜಾರಿತು, ಒದ್ದೆ ಬಟ್ಟೆ ಹಗ್ಗದಿಂದ ಜಾರುವ ಹಾಗೆ. ನಾನು ನರ್ಸಮ್ಮನನ್ನು ಕೂಗಿದೆ. ಕೂಗುವುದಕ್ಕೂ ನನಗೆ ಹೆದರಿಕೆ, ಎಲ್ಲಿ ಒಳಗೆ ಏನಾದರೂ ಒಡೆದು ಹೋಗುತ್ತದೋ ಅಂತ.

ಪ್ರಭಾ ಓಡಿಬಂದು ಮೊದಲು ಮಾಡಿದ ಕೆಲಸ ಅವರ ಬಾಟಲಿಯ ತಿರುಪು ಮುಚ್ಚಿದ್ದು. ಮಂಚ ತಳ್ಳಿಕೊಂಡು ಹೋದರು. ಫ್ಲಾಸ್ಕು ಮೇಜಿನ ಮೇಲೇ ಉಳಿಯಿತು. ಯಾರೂ ನನಗೆ ಏನೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ತಲೆಯೊಳಗೆ ಎಲ್ಲೋ ರಕ್ತ ಒಸರಿದೆ. ಅವರ ಮೈಯಲ್ಲಿ ಹರಿದದ್ದೇ ಔಷಧಿ ನನ್ನ ತೋಳಿಗೆ ಹನಿಹನಿಯಾಗಿ ಇಳಿಯುತ್ತಲೇ ಇತ್ತು.

ಆ ದಿನವೆಲ್ಲ ನನ್ನಷ್ಟಕ್ಕೆ ನಾನು ಪದಗಳನ್ನು ಹೇಳಿಕೊಂಡೆ. ಕಾಫಿ. ಬಾಗಿಲು. ಮಂಜುಳ. ಓಕಳಿಪುರ. ಸರಿಯಾಗಿ ಬರುತ್ತಿದೆಯಾ ಅಂತ. ಯಜಮಾನರು ಬಂದಾಗ, "ಇದೇನು ಹೇಳಿ?" ಅಂತ ಬಟ್ಟಲು ತೋರಿಸಿದೆ. "ಬಟ್ಟಲು" ಅಂದರು ಗಾಬರಿಯಿಂದ. "ಹೌದು, ಬಟ್ಟಲು" ಅಂದೆ ಸಮಾಧಾನವಾಗಿ. ಅವರು ನನಗೆ ಜ್ವರ ಬಂದಿದೆಯೋ ಅಂತ ಹಣೆ ಮುಟ್ಟಿ ನೋಡಿದರು.

*

ಬಲೂನಿಗೆ ಇನ್ನೆರಡು ದಿನ ಇದೆ ಅನ್ನುವಾಗ, ಮಧ್ಯಾಹ್ನ ಆಸ್ಪತ್ರೆಯ ಬ್ರೆಡ್ಡು ತಿನ್ನುತ್ತಿದ್ದೆ. ಅಂಚಿನ ಗಟ್ಟಿ ಚೂರು ಎಡದವಡೆಗೆ ಚುಚ್ಚಿತು. ಹಲ್ಲು ಕಿತ್ತ ಗುಂಡಿ. ಬಾಯಲ್ಲಿ ಕಬ್ಬಿಣದ ರುಚಿ ಬಂತು. ಉಗುಳಿದರೆ ಕೆಂಪು. ಮತ್ತೆ ಉಗುಳಿದೆ, ಮತ್ತೂ ಕೆಂಪು. ನೋವೇ ಇಲ್ಲ. ನಲ್ಲಿಯ ವಾಷರ್ ಹೋದಾಗ ಸದ್ದಿಲ್ಲದೆ ತೊಟ್ಟಿಕ್ಕುತ್ತದಲ್ಲ, ಹಾಗೆ.

ಪ್ರಭಾ ಟಾರ್ಚ್ ಹಾಕಿ ನೋಡಿ ಬೆಚ್ಚಿಬಿದ್ದಳು. "ಹಲ್ಲು ಯಾವಾಗ ಕೀಳಿಸಿದ್ರಿ?"

"ಇಲ್ಲಿಗೆ ಬರೋಕೆ ಮುಂಚೆ, ಅದೇ ವಾರ."

"ಅಯ್ಯೋ, ಕೇಳಿದ್ವಲ್ಲ ನಾವು..."

"ಆಪರೇಷನ್ ಅಂತ ಕೇಳಿದ್ರಿ" ಅಂದರು ಯಜಮಾನರು ಮೆಲ್ಲಗೆ.

ಹತ್ತಿಬಟ್ಟೆ ಮಡಿಸಿ ಗುಂಡಿಗೆ ತುಂಬಿ, "ಕಚ್ಚಿ ಹಿಡ್ಕೊಳ್ಳಿ" ಅಂದಳು. ಕಚ್ಚಿದೆ. ನೆನೆಯಿತು. ಬದಲಾಯಿಸಿದಳು. ಅದೂ ನೆನೆಯಿತು. ನನ್ನ ದವಡೆ ಸೋತು ನಡುಗತೊಡಗಿತು, ಕಚ್ಚಿ ಹಿಡಿಯುವ ಶಕ್ತಿ ಹೋಯಿತು. ಆ ಹೊತ್ತಿಗೆ ಸರಿಯಾಗಿ ಅಕ್ಕ ಬಂದಳು, ವ್ಯಾಪಾರ ಮುಗಿಸಿ. ಬಾಗಿಲಲ್ಲೇ ನಿಂತಳು. ದಿಂಬು ನೋಡಿದಳು, ಬಟ್ಟಲು ನೋಡಿದಳು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಕೂಗಾಡುತ್ತಾಳೆ ಅಂದುಕೊಂಡೆ. ಬಾಟಲಿ ಕಿತ್ತೆಸೆಯುತ್ತಾಳೆ ಅಂದುಕೊಂಡೆ.

ಅಕ್ಕ ಸೀದಾ ಬಂದು ಕೈ ತೊಳೆದು, ಪ್ರಭಾಳನ್ನು ಕೇಳಿದಳು, "ಎಲ್ಲಿ ಒತ್ತಬೇಕು ತೋರಿಸಮ್ಮ."

ಹತ್ತಿಯ ಮೇಲೆ ಹೆಬ್ಬೆರಳು, ದವಡೆಯ ಕೆಳಗೆ ನಾಲ್ಕು ಬೆರಳು. ಹೂ ಕಟ್ಟಿ ಕಟ್ಟಿ ಗಟ್ಟಿಯಾದ ಬೆರಳುಗಳು. ಅವಳ ಮೊಣಕೈಯಿಂದ ಸುಗಂಧರಾಜದ ವಾಸನೆ ಬರುತ್ತಿತ್ತು. ನಾನು ಕಣ್ಣು ಮುಚ್ಚಿದೆ. ಎಷ್ಟು ಹೊತ್ತು ಒತ್ತಿದಳೋ ಗೊತ್ತಿಲ್ಲ, ಒಮ್ಮೆಯೂ ಕೈ ಬದಲಾಯಿಸಲಿಲ್ಲ. ನಡುವೆ ಒಮ್ಮೆ ನನ್ನ ಕಿವಿಯಲ್ಲಿ, "ನೀನು ಹೋಗೋ ಹಾಗಿಲ್ಲ" ಅಂದಳು. ಅಷ್ಟೇ.

ಮಂಚದ ಕಾಲ ಕಡೆ ದೊಡ್ಡ ಡಾಕ್ಟರೂ ಪ್ರಭಾಳೂ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಕಿವಿಯಿಟ್ಟು ಕೇಳುವುದೇ ನನ್ನ ವೃತ್ತಿ, ಎಲ್ಲ ಕೇಳಿಸಿತು. ಔಷಧಿ ನಿಲ್ಲಿಸಿದರೆ ಹೃದಯದ ಹೆಪ್ಪು ಬೆಳೆಯುತ್ತದೆ. ನಿಲ್ಲಿಸದಿದ್ದರೆ ಇದು ನಿಲ್ಲುವುದಿಲ್ಲ. ಔಷಧಿಯ ಶಕ್ತಿ ಮುರಿಯುವ ಇನ್ನೊಂದು ಇಂಜೆಕ್ಷನ್ ಇದೆ, ಆದರೆ ಅದನ್ನು ಕೊಟ್ಟರೆ ಎಲ್ಲವೂ ಒಮ್ಮೆಲೇ ಗಟ್ಟಿಯಾಗಬಹುದು. ದೊಡ್ಡ ಡಾಕ್ಟರು ಬಂದು ತಾವೇ ಬಾಟಲಿಯ ತಿರುಪು ಮುಚ್ಚಿದರು. ಲಕ್ಷ್ಮೀದೇವಮ್ಮನ ಬಾಟಲಿಯನ್ನು ಮುಚ್ಚಿದ್ದು ಕಣ್ಣ ಮುಂದೆ ಬಂತು.

ಸಂಜೆ ಬಾಯಿಯ ರಕ್ತ ಹಿಡಿತಕ್ಕೆ ಬಂತು. ಪೂರ್ತಿ ನಿಂತಿರಲಿಲ್ಲ. ಅಕ್ಕ ಕೈ ತೆಗೆದಳು, ಅವಳ ಹೆಬ್ಬೆರಳು ಬಿಳಿಚಿಕೊಂಡು ಮಡಿಸಲು ಬಾರದ ಹಾಗೆ ಆಗಿತ್ತು. ಎಲ್ಲರೂ ಉಸಿರು ಬಿಟ್ಟರು. ಆಗ ದವಡೆಯಲ್ಲಿ ಆ ಒತ್ತುವ ನೋವು ಶುರುವಾಯಿತು. ಮೊದಲು ಅಕ್ಕನ ಬೆರಳಿನ ನೋವೇ ಉಳಿದಿದೆ ಅಂದುಕೊಂಡೆ. ಅದು ಕತ್ತಿಗಿಳಿಯಿತು. ತೋಳಿಗಿಳಿಯಿತು.

"ಬಂತು" ಅಂದೆ.

*

"ಇನ್ನು ಕಾಯೋಕಾಗಲ್ಲ" ಅಂದರು ದೊಡ್ಡ ಡಾಕ್ಟರು. ಯಜಮಾನರ ಕಡೆ ತಿರುಗಿದ್ದವರನ್ನು ನಾನೇ ತಡೆದೆ. "ನನಗೇ ಹೇಳಿ ಡಾಕ್ಟ್ರೇ."

ಅವರು ನನ್ನನ್ನೇ ನೋಡಿ ಹೇಳಿದರು. "ಈಗಲೇ ಬಲೂನ್ ಹಾಕ್ಬೇಕು. ಹಾಕೋವಾಗ ಇದೇ ಔಷಧಿ ಮತ್ತೆ ಕೊಡಲೇಬೇಕು, ಜಾಸ್ತಿನೇ. ಬಾಯಿಂದ ಮತ್ತೆ ರಕ್ತ ಬರಬಹುದು. ನಾಳ ಹರಿದ್ರೆ ಎದೆ ಕೊಯ್ದು ಆಪರೇಷನ್ ಮಾಡ್ಬೇಕಾಗುತ್ತೆ. ತೆಳು ರಕ್ತ ಇಟ್ಕೊಂಡು ಎದೆ ಕೊಯ್ಯೋದು ಸುಲಭ ಅಲ್ಲ."

"ಬೇಡ ಅಂದ್ರೆ?"

"ಇವತ್ತು ಕಳೆಯುತ್ತೋ ಇಲ್ವೋ ಹೇಳಲಾರೆ."

ಯಜಮಾನರು ಸಹಿ ಹಾಕಿದರು. ಹಲ್ಲಿನ ಡಾಕ್ಟರಮ್ಮ ಒಬ್ಬರನ್ನು ಎಲ್ಲಿಂದಲೋ ಕರೆಸಿದರು. ಅವರು ಬಂದು, ಟಾರ್ಚಿನ ಬೆಳಕಿನಲ್ಲಿ, ನನ್ನ ವಸಡಿಗೆ ಹೊಲಿಗೆ ಹಾಕಿದರು. ಹೊಲಿಯುತ್ತ "ಸಾರಿಮ್ಮ, ಸಾರಿಮ್ಮ" ಅನ್ನುತ್ತಿದ್ದರು, ಹಲ್ಲು ಕಿತ್ತದ್ದು ಅವರೇ ಅನ್ನುವ ಹಾಗೆ.

ಒಳಗಿನ ಕೋಣೆ ತಣ್ಣಗಿತ್ತು. ನನಗೆ ಎಚ್ಚರವಿತ್ತು. ಪೂರ್ತಿ ಎಚ್ಚರ. ಮೇಲೆ ಒಂದು ಟಿವಿ ಪರದೆ, ಅದರಲ್ಲಿ ಬೂದು ಬಣ್ಣದಲ್ಲಿ ನನ್ನ ಹೃದಯ ಒದ್ದಾಡುತ್ತಿತ್ತು. ತೊಡೆಸಂದಿಯಿಂದ ತಂತಿ ಹೋಯಿತು. ನೀರಿನಂಥ ಔಷಧಿ ಮತ್ತೆ ಹೋಯಿತು. "ಈಗ ಬಲೂನ್ ಊದ್ತೀನಿ, ನೋವು ಬರುತ್ತೆ, ಅಲ್ಲಾಡ್ಬೇಡಿ" ಅಂದರು.

ಆ ನೋವನ್ನು ಏನೆಂದು ಹೇಳಲಿ. ಅಷ್ಟು ದಿನ ಬಂದುಹೋಗುತ್ತಿದ್ದ ನೋವಿನ ನಿಜವಾದ ಮುಖ ಅದು. ಪರದೆಯ ಮೇಲೆ ಒಂದು ಕಡೆ ನಾಳ ಮಾಯವಾಯಿತು, ಅದರಾಚೆ ಏನೂ ಇಲ್ಲ. ಹೃದಯದ ಬಡಿತ ತೋರಿಸುವ ಯಂತ್ರದ ಗೆರೆಗಳು ಲಯ ತಪ್ಪಿದವು.

"ಕೆಮ್ಮಿ ರತ್ನಮ್ಮ! ಜೋರಾಗಿ ಕೆಮ್ಮಿ! ಕೆಮ್ಮಿದ್ರೆ ಹೃದಯ ನಡೆಯುತ್ತೆ!"

ಕೆಮ್ಮಿದೆ. ಮತ್ತೆ ಕೆಮ್ಮಿದೆ. ಕೆಮ್ಮಿದ ರಭಸಕ್ಕೆ ವಸಡಿನಲ್ಲಿ ಏನೋ ಪಟ್ಟೆಂದು ಬಿಟ್ಟಿತು. ಬಾಯಿ ಬೆಚ್ಚಗೆ ತುಂಬಿಕೊಂಡಿತು. ಮಲಗಿದ್ದೇನೆ, ಏಳುವಂತಿಲ್ಲ, ತಲೆ ತಿರುಗಿಸುವಂತಿಲ್ಲ. ನುಂಗಿದೆ. ಮತ್ತೆ ತುಂಬಿತು, ಮತ್ತೆ ನುಂಗಿದೆ. "ಕೆಮ್ಮಿ!" ಕೆಮ್ಮಿದಾಗ ಅವರ ಹಸಿರು ಅಂಗಿಯ ಮೇಲೆ ಹನಿಗಳು ಸಿಡಿದವು. ಅವರು ತಲೆ ಎತ್ತಲಿಲ್ಲ, ಕಣ್ಣು ಪರದೆಯ ಮೇಲೇ ಇತ್ತು. ಪ್ರಭಾ ಮಾತ್ರ ನನ್ನ ತಲೆಯ ಹತ್ತಿರ ಬಂದು, ಸಣ್ಣ ಕೊಳವೆಯಿಂದ ಬಾಯಿಯ ರಕ್ತ ಎಳೆಯುತ್ತ, ಹಣೆಯ ಮೇಲೆ ಕೈಯಿಟ್ಟಳು. ಕೈಗವಸು ಹಾಕಿದ ಕೈ, ಆದರೂ ಕೈ.

ಬಲೂನು ಇಳಿಸಿದರು. ಮತ್ತೆ ಊದಿದರು, ಮತ್ತೆ ಇಳಿಸಿದರು. ಆಮೇಲೆ ದೊಡ್ಡ ಡಾಕ್ಟರು, "ಅಲ್ಲಿ ನೋಡಿ" ಅಂದರು. ಪರದೆಯ ಮೇಲೆ ಕಪ್ಪು ಗೆರೆಯೊಂದು ಮೊದಲು ಕಡಿದುಹೋಗುತ್ತಿದ್ದ ಜಾಗವನ್ನು ದಾಟಿ, ಕೆಳಗೆ, ಇನ್ನೂ ಕೆಳಗೆ, ಸಣ್ಣ ಸಣ್ಣ ಕವಲುಗಳಾಗಿ ಹೋಯಿತು. ನೋವು ಅದರ ಹಿಂದೆಯೇ ಇಳಿಯಿತು.

"ಪೂರ್ತಿ ಅಲ್ಲ" ಅಂದರು ಅವರು. "ಆದರೆ ಸಾಕು."

*

ಆಮೇಲಿನದ್ದು ನಿಧಾನದ ಕಥೆ. ತೊಡೆಯ ಮೇಲೆ ಮರಳಿನ ಚೀಲವಿಟ್ಟುಕೊಂಡು ಕಾಲು ಮಡಿಸದೆ ಮಲಗಿದ್ದು, ತೊಡೆಯಿಂದ ಮೊಣಕಾಲಿನ ತನಕ ಮೈ ಕಪ್ಪುಗಟ್ಟಿ, ಹಸಿರಾಗಿ, ಹಳದಿಯಾಗಿ ತಿಳಿಯಾದದ್ದು. ನುಂಗಿದ ರಕ್ತವೆಲ್ಲ ವಾಂತಿಯಾದಾಗ ಮಂಜುಳ ಬಟ್ಟಲು ಹಿಡಿದು, "ಇದು ಹಳೇದಮ್ಮ, ಹೊಸದಲ್ಲ, ಡಾಕ್ಟರ್ ಹೇಳಿದಾರೆ" ಅಂತ ನನಗಿಂತ ಹೆಚ್ಚಾಗಿ ತನಗೇ ಹೇಳಿಕೊಂಡದ್ದು. ದೊಡ್ಡ ಡಾಕ್ಟರು ಮನೆಗೆ ಕಳಿಸುವಾಗ ಯಾವ ಸಿಹಿ ಮಾತೂ ಆಡಲಿಲ್ಲ. "ಇದು ಮತ್ತೆ ಮುಚ್ಚಿಕೊಳ್ಳಬಹುದು. ಕೆಲವರಿಗೆ ಕೆಲವೇ ತಿಂಗಳಲ್ಲಿ ಆಗುತ್ತೆ. ನೋವು ಬಂದ್ರೆ ಹಲ್ಲು ಅಂದ್ಕೊಂಡು ಕೂರ್ಬೇಡಿ" ಅಂದರು. ಇನ್ನು ಮೇಲೆ ಬಂದವರನ್ನೆಲ್ಲ ಹಲ್ಲಿನ ಬಗ್ಗೆಯೂ ಕೇಳುತ್ತೇವೆ ಅಂತ ಪ್ರಭಾ ಹೇಳಿದಳು.

ಆ ತಿಂಗಳುಗಳು ಆಸ್ಪತ್ರೆಗಿಂತ ಕಷ್ಟ. ಅಲ್ಲಿ ಭಯಕ್ಕೆ ಜೊತೆಯಾಗಿ ಜನ ಇದ್ದರು. ಮನೆಯಲ್ಲಿ ಈಳಿಗೆ ಮುಟ್ಟಿದರೆ ಭಯ, ಮೆಟ್ಟಿಲು ಕಂಡರೆ ಭಯ. ಯಜಮಾನರು ಮುಂದೆ ನಡೆಯುತ್ತಿದ್ದವರು ಈಗ ಹಿಂದೆ ನಡೆಯತೊಡಗಿದರು, ಬಿದ್ದರೆ ಹಿಡಿಯಲು. ಅಕ್ಕ ಅಣ್ಣಮ್ಮನ ಹರಕೆ ತೀರಿಸಿ ಬಂದು, ಬುದ್ಧನ ಪಟದ ಕೆಳಗೆ ಕುಂಕುಮದ ಪೊಟ್ಟಣ ಇಟ್ಟುಹೋದಳು. ನಾನು ತೆಗೆಯಲಿಲ್ಲ.

ಲಕ್ಷ್ಮೀದೇವಮ್ಮನನ್ನು ಚಾಮರಾಜಪೇಟೆಯ ಅವರ ಮನೆಯಲ್ಲಿ ಹೋಗಿ ನೋಡಿದೆ. ಬದುಕಿದ್ದರು. ಬಲಗೈ ಮಡಿಲಲ್ಲಿ ಬಿದ್ದಿತ್ತು. ನನ್ನನ್ನು ಗುರುತು ಹಿಡಿದು ಅತ್ತರು. ಏನೋ ಹೇಳಿದರು, ಪದಗಳು ಯಾವುವೂ ತಮ್ಮ ಜಾಗದಲ್ಲಿರಲಿಲ್ಲ. ಸೊಸೆ, "ನಮಗೂ ಅರ್ಥ ಆಗಲ್ಲ, ಹೂಂ ಅಂತೀವಿ" ಅಂದಳು. ನಾನೂ ಹೂಂ ಅಂದೆ. ವಾಪಸ್ಸು ಬರುವಾಗ ದಾರಿಯುದ್ದಕ್ಕೂ, ಇಬ್ಬರಿಗೂ ಒಂದೇ ಔಷಧಿ ಹೋಗಿತ್ತಲ್ಲ, ಅವರಿಗೆ ಯಾಕೆ ಹೀಗೆ, ನನಗೆ ಯಾಕೆ ಹೀಗಲ್ಲ ಅಂತ ಯೋಚಿಸಿದೆ. ಉತ್ತರ ಇವತ್ತಿಗೂ ಸಿಕ್ಕಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಡ್ಯೂಟಿಗೆ ಹೋದೆ. ಪರೀಕ್ಷೆಗೆ ಹೋದಾಗಲೆಲ್ಲ ನಾಳ ತೆರೆದೇ ಇದೆ ಅಂದರು. ಈಗಲೂ ತೆರೆದೇ ಇದೆ, ಈವತ್ತಿನ ಮಟ್ಟಿಗೆ.

ಒಂದು ದಿನ ಚಳ್ಳಕೆರೆಗೆ ಕಾಲ್ ಜೋಡಿಸಿದ್ದೆ. ಬೆಂಗಳೂರಿನಿಂದ ಒಬ್ಬ ಹುಡುಗಿ ಊರಲ್ಲಿರುವ ತಂದೆಗೆ ಹೇಳುತ್ತಿದ್ದಳು. ಲೈನ್ ಸರಿಯಾಗಿದೆಯಾ ಅಂತ ನೋಡಲು ಕಿವಿ ಕೊಟ್ಟಿದ್ದೆ. "ಅಪ್ಪ, ಅಮ್ಮನಿಗೆ ಇನ್ನೂ ಬಲೂನ್ ಹಾಕಿಲ್ಲ. ರಕ್ತ ತೆಳು ಮಾಡ್ತಿದಾರೆ. ಮೈಯೆಲ್ಲ ಕಪ್ಪು ಕಲೆ ಬಂದಿದೆ ಅಪ್ಪ. ನನಗೆ ಏನೂ ಗೊತ್ತಾಗ್ತಿಲ್ಲ." ಆ ಕಡೆ ತಂದೆ ಅಳುವುದು ಬಿಟ್ಟರೆ ಮಾತೇ ಇಲ್ಲ. ಮೂರು ನಿಮಿಷದ ಹೊತ್ತು ಮುಗಿಯಿತು. ತಂದೆ ಫೋನ್ ಇಟ್ಟರು. ಹುಡುಗಿ ಇಡಲಿಲ್ಲ, ಖಾಲಿ ಲೈನಿಗೆ "ಅಪ್ಪ, ಅಪ್ಪ" ಅನ್ನುತ್ತಿದ್ದಳು.

ಆಪರೇಟರ್ ಮಧ್ಯೆ ಮಾತಾಡುವಂತಿಲ್ಲ. ಅದು ನಮ್ಮ ಕೆಲಸದ ಮೊದಲ ಪಾಠ.

"ನೋಡಮ್ಮ" ಅಂದೆ, "ನಾನು ಎಕ್ಸ್‌ಚೇಂಜಿಂದ ಮಾತಾಡ್ತಿದೀನಿ. ನನಗೂ ಅದೇ ಔಷಧಿ ಹಾಕಿದ್ರು. ನನಗೂ ಕಲೆ ಬಂದಿತ್ತು."

ಅವಳಿಗೆ ಏನು ಹೇಳಲಿ? ಏನೂ ಆಗಲ್ಲ ಅನ್ನಲೇ? ಆಗುತ್ತದೆ, ಕೆಲವರಿಗೆ ಆಗುತ್ತದೆ. ನಾನು ನೋಡಿದ್ದೇನೆ.

"ಹೆದರಿಕೆ ಆಗ್ತಿದೆ ಮೇಡಂ" ಅಂದಳು.

"ಆಗುತ್ತೆ. ಅಮ್ಮನ ಪಕ್ಕ ಕೂತ್ಕೋ. ಏನು ಕಂಡ್ರೂ, ಎಷ್ಟು ಸಣ್ಣದಾದ್ರೂ, ನಾಚಿಕೆ ಪಡದೆ ಡಾಕ್ಟರಿಗೆ ಹೇಳು."

ಕೇಳಲೋ ಬೇಡವೋ ಅನ್ನುವ ದನಿಯಲ್ಲಿ ಕೇಳಿದಳು. "ನಿಮಗೆ... ಆಮೇಲೆ ಏನಾಯ್ತು ಮೇಡಂ?"

ನನ್ನ ಬೋರ್ಡಿನಲ್ಲಿ ಬೇರೆ ದೀಪಗಳು ಹೊತ್ತಿಕೊಂಡು ಕಾಯುತ್ತಿದ್ದವು. ಸೂಪರ್‌ವೈಸರ್ ನನ್ನ ಕಡೆಯೇ ನೋಡುತ್ತಿದ್ದರು.

"ಲೈನಲ್ಲೇ ಇದೀನಲ್ಲಮ್ಮ" ಅಂದೆ.